ಅಮ್ಮ ಕಟ್ಟಿದ್ದನ್ನು ಬಿಚ್ಚಿದವಳು

"ನಮ್ಮಮ್ಮನ ಕೈಲಿ ಚಾಕರಿ ಮಾಡಿಸ್ಕೊಳ್ತಿದ್ದೀಯಾ?"

ಅಬೆಯೊಕುಟಾ ಊರಿನ ಇಟೊಕು ಮಾರುಕಟ್ಟೆಯ ಅಷ್ಟು ಗದ್ದಲದಲ್ಲೂ ಆ ಮಾತು ನೇರವಾಗಿ ಬಂದು ಮೊರೆನಿಕೆಯ ಕಿವಿಗೆ ಬಡಿಯಿತು. ತಲೆ ಎತ್ತಿದಳು. ಎದುರಿಗೆ ನಿಂತಿದ್ದವನ ಕೈಗಳು ಮೊಣಕೈವರೆಗೂ ನೀಲಿ. ಬಣ್ಣ ಅದ್ದುವವರ ಓಣಿಯವನು ಎಂದು ಹೇಳಲು ಬೇರೆ ಗುರುತು ಬೇಕಿರಲಿಲ್ಲ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ಅವಳ ಪಕ್ಕದಲ್ಲಿ, ಗೋಣಿಚೀಲದ ಮೇಲೆ, ವಯಸ್ಸಾದ ಅಮ್ಮ ಒಬ್ಬರು ಕಾಲು ಚಾಚಿ ಕೂತು ಎಗುಸಿ ಎಂಬ ಕಲ್ಲಂಗಡಿ ಜಾತಿಯ ಬೀಜದ ಸಿಪ್ಪೆ ಸುಲಿಯುತ್ತಿದ್ದರು. ಬೆಳಿಗ್ಗೆ ಎಲ್ಲಿಂದಲೋ ಬಂದವರು, ಹೇಳದೆ ಕೇಳದೆ ಕೂತು, ತಮ್ಮದೇ ಅಂಗಡಿ ಎನ್ನುವಂತೆ ಬೀಜಕ್ಕೆ ಕೈ ಹಾಕಿದ್ದರು. ಮೊರೆನಿಕೆ ಅವರ ಕಣ್ಣು ನೋಡಿದ ಕೂಡಲೇ ಮರೆವಿನ ಜೀವ ಎಂದು ಅರ್ಥ ಮಾಡಿಕೊಂಡಿದ್ದಳು. ಹಾಗಾಗಿ ಏನೂ ಕೇಳದೆ ಬುಟ್ಟಿಯನ್ನು ಅವರ ಹತ್ತಿರಕ್ಕೆ ಸರಿಸಿದ್ದಳು.

ಈಗ ಈ ಮನುಷ್ಯ ಬಂದು ಚಾಕರಿ ಅನ್ನುತ್ತಿದ್ದಾನಲ್ಲ!

"ಚಾಕರಿನಾ? ನನ್ನ ಅಕಾರಾ ವಡೆಯಲ್ಲಿ ಅರ್ಧ ತಿಂದು, ನನ್ನ ನೀರು ಕುಡಿದು, ನನ್ನ ಚೀಲದ ಮೇಲೆ ಕೂತಿದ್ದಾರೆ. ಸಂಬಳ ನಾನೇ ಕೊಡ್ತಿದ್ದೀನಿ ಅನ್ಕೊಳ್ಳಿ. ಇಂಥ ತಾಯೀನ ಬೀದಿಗೆ ಬಿಟ್ಟೋರು ಯಾರು, ಮೊದ್ಲು ಅದನ್ನ ಹೇಳಿ."

ಅಕ್ಕಪಕ್ಕದ ಮೆಣಸಿನಕಾಯಿಯವರು ಕಿಸಕ್ಕೆಂದರು. ಅವನು ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ತಾಯಿಯ ಪಾದ ಹಿಡಿದುಕೊಂಡ. ಬೆಳಗಿನಿಂದ ಹುಡುಕಿ ಹುಡುಕಿ ಜೀವ ಬಾಯಿಗೆ ಬಂದಿದೆ ಎಂದು ಆ ಹಿಡಿತ ನೋಡಿದರೇ ತಿಳಿಯುತ್ತಿತ್ತು.

ಅಯ್ಯೋ... ಆ ಕೊನೆಯ ಮಾತೊಂದನ್ನು ಆಡಬಾರದಿತ್ತು ಎಂದುಕೊಂಡಳು ಮೊರೆನಿಕೆ. ಅವಳ ನಾಲಿಗೆಯೇ ಹಾಗೆ. ಬೇಡದಿದ್ದಾಗ ಓಡುತ್ತದೆ, ಬೇಕಾದಾಗ ಹೊರಳುವುದೇ ಇಲ್ಲ. ಈ ಎರಡನೆಯ ಗುಣ ಮುಂದೆ ಏನು ಮಾಡಿತು ಎಂಬುದನ್ನೇ ಈಗ ಹೇಳಹೊರಟಿರುವುದು.

ಅವನ ಹೆಸರು ಅಕಾನಿ. ಹಿರಿಮಗನ ಹೆಸರಿನಿಂದಲೇ ತಾಯಿಯನ್ನು ಕರೆಯುವುದು ಅಲ್ಲಿನ ರೂಢಿಯಾದ್ದರಿಂದ ಅವರು ಇಯಾ ಅಕಾನಿ, ಅಂದರೆ ಅಕಾನಿಯ ಅಮ್ಮ. ಒಂದು ಕಾಲದಲ್ಲಿ ಅಬೆಯೊಕುಟಾದ ಆ ಓಣಿಯಲ್ಲೆಲ್ಲ ಅವರಷ್ಟು ಬಿಗಿಯಾಗಿ ಬಟ್ಟೆಗೆ ಗಂಟು ಕಟ್ಟುವವರು ಇರಲಿಲ್ಲ. ಬಿಳಿ ಬಟ್ಟೆಯಲ್ಲಿ ಬೀಜ ಇಟ್ಟು, ನಾರಿನಿಂದ ಸುತ್ತಿ ಕಟ್ಟಿ, ನೀಲಿಯ ಹಂಡೆಗೆ ಇಳಿಸಿ, ಒಣಗಿದ ಮೇಲೆ ಬಿಚ್ಚಿದರೆ ನೀಲಿಯ ತುಂಬ ಬೆಳ್ಳಗೆ ಚಂದ್ರಗಳು. ಈಗ ಮಗನ ಹೆಸರೇ ಅವರಿಗೆ ಆಗಾಗ ಸಿಗುತ್ತಿರಲಿಲ್ಲ.

ಅಕಾನಿ ಹೆದರಿ ಅವರ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡಿದ್ದ. ಒಲೆ ಬೇಡ, ಚಾಕು ಬೇಡ, ದಾರ ಬೇಡ, ಸುಮ್ಮನೆ ಕೂತಿರಮ್ಮ. ಅವರು ಸುಮ್ಮನೆ ಕೂರುತ್ತಿರಲಿಲ್ಲ. ಉಪ್ಪಿನ ಡಬ್ಬಿ ಸುರಿಯುತ್ತಿದ್ದರು, ಪರದೆಯ ನೂಲು ಎಳೆಯುತ್ತಿದ್ದರು, ಬಾಗಿಲು ತೆರೆದಿದ್ದರೆ ಹೊರಟೇಬಿಡುತ್ತಿದ್ದರು.

"ನಮ್ಮಜ್ಜಿನೂ ಹೀಗೇ ಇದ್ರು," ಎಂದಳು ಮೊರೆನಿಕೆ, ದನಿ ತಗ್ಗಿಸಿ. "ಕೈಗೆ ಏನಾದ್ರೂ ಕೊಟ್ರೆ ಕೂರೋರು. ಕೊಡದಿದ್ರೆ ಎದ್ದು ಹೊರಡೋರು. ಆದ್ರೆ ಆಟದ ಸಾಮಾನು ಕೊಟ್ಟ ಹಾಗೆ ಕೊಡಬಾರ್ದು, ಅವರಿಗೆ ಗೊತ್ತಾಗಿಬಿಡುತ್ತೆ. ನನಗೆ ಕೈ ಸಾಲ್ತಿಲ್ಲ, ಸ್ವಲ್ಪ ಸಹಾಯ ಮಾಡಿ ಅಂತ ಮಂಡಿಯೂರಿ ಕೇಳ್ಬೇಕು."

ಮಾರನೆಯ ದಿನ ಅಕಾನಿ ಮತ್ತೆ ಬಂದ. ಎರಡೂ ಚಪ್ಪಲಿ ಇದ್ದವು. ಬಹಳ ಹೊತ್ತು ಬೀಜದ ಬೆಲೆ ಕೇಳುವ ನಾಟಕ ಆಡಿದ. ಕೊನೆಗೆ ತಲೆ ಕೆರೆದುಕೊಳ್ಳುತ್ತ, ನೀನು ಮನೆಗೆ ಬಂದು ಅಮ್ಮನ ಜೊತೆ ಕೂರುತ್ತೀಯಾ ಎಂದು ಕೇಳಿದ.

ಹೂಂ ಅಂದುಬಿಟ್ಟಳು. ಯಾಕೆ ಅಂದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು.

ಹೀಗೆ ಶುರುವಾಯಿತು. ಬೆಳಗಿನ ವ್ಯಾಪಾರ ಮುಗಿಸಿ ಮೊರೆನಿಕೆ ಬಣ್ಣದವರ ಓಣಿಗೆ ಬರುತ್ತಿದ್ದಳು. ಬಿಳಿ ಅಲಸಂದೆಯನ್ನೂ ಕಂದು ಅಲಸಂದೆಯನ್ನೂ ಬೋಗುಣಿಯಲ್ಲಿ ಬೆರೆಸಿ ಇಡುತ್ತಿದ್ದಳು. ಇಯಾ ಅಕಾನಿ ಗೊಣಗುತ್ತ, ಈಗಿನ ಹುಡುಗಿಯರಿಗೆ ಕಾಳು ಆರಿಸಲೂ ಬರುವುದಿಲ್ಲ ಎಂದು ಬೈಯುತ್ತ, ಬೇರೆ ಬೇರೆ ಮಾಡುತ್ತಿದ್ದರು. ಅವರು ಕಣ್ಣು ಮುಚ್ಚಿದಾಗ ಇವಳು ಮತ್ತೆ ಬೆರೆಸುತ್ತಿದ್ದಳು. ತಲೆಗೆ ಸುತ್ತುವ ವಸ್ತ್ರಗಳನ್ನೆಲ್ಲ ಬೇಕೆಂದೇ ಮುದ್ದೆ ಮಾಡಿ ಬುಟ್ಟಿಗೆ ತುಂಬುತ್ತಿದ್ದಳು. ಅವರು ಒಂದೊಂದನ್ನೇ ತೊಡೆಯ ಮೇಲೆ ಹರಡಿ, ಅಂಗೈಯಿಂದ ನೇವರಿಸಿ, ಮೂಲೆಗೆ ಮೂಲೆ ಸೇರಿಸಿ ಮಡಚುತ್ತಿದ್ದರು. ಅವರು ಮನೆಯಿಂದ ಎದ್ದು ಹೋಗುವುದು ನಿಂತಿತು.

ಅಕಾನಿ ಹಂಡೆಯ ಬಳಿಯಿಂದಲೇ ನೋಡುತ್ತಿದ್ದ. ಮೊದಮೊದಲು ತಾಯಿಯನ್ನು. ಆಮೇಲಾಮೇಲೆ... ಹೋಗಲಿ ಬಿಡಿ, ಎಲ್ಲವನ್ನೂ ಬಿಡಿಸಿ ಹೇಳಬೇಕೇ?

ಒಂದು ದಿನ ಮೊರೆನಿಕೆ ಒಂದು ಬಿಳಿ ಬಟ್ಟೆ, ಹಿಡಿ ಬೀಜ, ನೆನೆಸಿದ ನಾರು ಇಷ್ಟನ್ನು ಇಯಾ ಅಕಾನಿಯ ಮುಂದೆ ತಂದಿಟ್ಟಳು. ಏನೂ ಹೇಳಲಿಲ್ಲ. ಅವರು ಬಟ್ಟೆಯನ್ನು ಮುಟ್ಟಿ ನೋಡಿದರು. ಒಂದು ಬೀಜ ಎತ್ತಿಕೊಂಡರು. ಆಮೇಲೆ ಆ ಬೆರಳುಗಳು ಯಾರ ಅಪ್ಪಣೆಗೂ ಕಾಯದೆ ನಡೆದವು... ಬೀಜ ಇಟ್ಟು, ಬಟ್ಟೆ ಹಿಂಡಿ, ನಾರು ಸುತ್ತಿ, ಹಲ್ಲಿನಿಂದ ತುದಿ ಎಳೆದು ಗಂಟು.

ಹಂಡೆಯಲ್ಲಿ ಆಡುತ್ತಿದ್ದ ಕೋಲು ನಿಂತುಹೋಯಿತು. ಅಕಾನಿ ನೀಲಿ ಕೈಯಿಂದಲೇ ಮುಖ ಒರೆಸಿಕೊಂಡ. ಕೆನ್ನೆಯೆಲ್ಲ ನೀಲಿಯಾಯಿತು. ಮೊರೆನಿಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪ್ರೀತಿ ಹುಟ್ಟಿದ್ದು ಯಾವಾಗ ಎಂದು ಯಾರಾದರೂ ಅವಳನ್ನು ಕೇಳಿದ್ದರೆ, ಆ ನೀಲಿ ಕೆನ್ನೆಯನ್ನೇ ಹೇಳುತ್ತಿದ್ದಳು.

"ಬಟ್ಟೆ ಗಂಟಿನಿಂದ ತುಂಬಲಿ, ಬಣ್ಣ ಗಾಢವಾಗಿರೋ ಮೊದಲ ಹಂಡೇಲಿ ನಾನೇ ಅದ್ದುತ್ತೀನಿ," ಎಂದ ಅವನು. ಸ್ವಲ್ಪ ತಡೆದು, ಅವಳ ಮುಖ ನೋಡದೆ ಮತ್ತೊಂದು ಮಾತು ಸೇರಿಸಿದ. "ಅಮ್ಮನ ಬಟ್ಟೆ ಬಿಚ್ಚೋ ದಿನ ನಿನ್ಹತ್ರ ಒಂದು ಮಾತು ಹೇಳೋದಿದೆ."

ಮೊರೆನಿಕೆ ಒಳಗೊಳಗೇ ನಕ್ಕಳು. ಯಾವ ಮಾತು?

ಆ ಸಂತೋಷ ಆ ಮಧ್ಯಾಹ್ನದವರೆಗೆ ಮಾತ್ರ ಇತ್ತು. ಇಯಾ ಅಕಾನಿ ನಿದ್ದೆ ಹೋದಾಗ ಬಟ್ಟೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ನೋಡಿದವಳು ಹಾಗೇ ಕೂತಳು.

ಗಂಟುಗಳೆಲ್ಲ ಸಡಿಲ.

ನೋಡಲು ಚೆಂದ, ಸಾಲಾಗಿ, ಅಚ್ಚುಕಟ್ಟಾಗಿ ಇದ್ದವು. ಆದರೆ ಬೆರಳು ತೂರಿಸಿದರೆ ತೂರುತ್ತಿತ್ತು. ದಾರಿ ಗೊತ್ತಿದ್ದ ಕೈಗೆ ಬಲ ಉಳಿದಿರಲಿಲ್ಲ. ಇದನ್ನು ಹಂಡೆಗೆ ಇಳಿಸಿದರೆ ನೀಲಿ ಒಳಗೆ ನುಗ್ಗುತ್ತದೆ, ಒಂದು ಚಂದ್ರನೂ ಉಳಿಯುವುದಿಲ್ಲ. ಆ ಬಟ್ಟೆಯನ್ನು ಈ ತಾಯಿಯ ಕಣ್ಣೆದುರು ಬಿಚ್ಚುವುದೇ?

ಅವಳು ಗಂಟುಗಳನ್ನು ಬಿಚ್ಚಿದಳು. ಒಂದೊಂದಾಗಿ, ಬೀಜ ಬೇರೆ, ನಾರು ಬೇರೆ ಮಾಡಿ, ಬಟ್ಟೆಯನ್ನು ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದಳು. ಮರುದಿನ ಇಯಾ ಅಕಾನಿ ಹೊಸ ಬಟ್ಟೆ ಎಂದುಕೊಂಡು ಅದನ್ನೇ ಕಟ್ಟಿದರು. ಮಧ್ಯಾಹ್ನ, ಅಕಾನಿ ಹಂಡೆಯ ಬಳಿ ಇಲ್ಲದ ಹೊತ್ತಿನಲ್ಲಿ, ಇವಳು ಬಿಚ್ಚಿದಳು. ಅದೇ ಅವರಿಬ್ಬರ ದಿನಚರಿಯಾಯಿತು.

ತುಂಬಿತಾ ಎಂದು ಅಕಾನಿ ಕೇಳಿದಾಗಲೆಲ್ಲ ಇನ್ನೂ ಇಲ್ಲ ಎನ್ನುತ್ತಿದ್ದಳು. ಬಟ್ಟೆ ಬಿಚ್ಚುವ ದಿನ ಹೇಳುತ್ತೇನೆ ಎಂದ ಆ ಮಾತನ್ನು ತಾನೇ ದಿನದಿನವೂ ದೂರ ತಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಿಮ್ಮಮ್ಮನ ಕೈ ಹೋಗಿದೆ ಎಂದು ಅವನಿಗೆ ಹೇಳುವುದು ಹೇಗೆ? ಎಷ್ಟೋ ದಿನದ ಮೇಲೆ ಆ ಮುಖ ಅರಳಿತ್ತು.

ಇನ್ನೊಂದು ಮುಳ್ಳೂ ಇತ್ತು. ಇಯಾ ಅಕಾನಿ ಕಟ್ಟುತ್ತ ಕಟ್ಟುತ್ತ, "ಇದು ನನ್ನ ಸೊಸೆಗೆ," ಎನ್ನುತ್ತಿದ್ದರು.

ಆ ಮನೆತನದ ಪದ್ಧತಿಯೇ ಅದು ಎಂದು ಪಕ್ಕದ ಹಂಡೆಗಳ ಒಡತಿ, ಹಜ್ ಯಾತ್ರೆ ಮುಗಿಸಿದ ಅಲ್ಹಾಜಾ ರಫಾತು ಹೇಳಿದ್ದರು. ಮನೆಗೆ ಬರುವ ಸೊಸೆಗೆ ಅತ್ತೆ ತನ್ನ ಕೈಯಾರೆ ಚಂದ್ರನ ಬಟ್ಟೆ ಕಟ್ಟುತ್ತಾಳೆ, ಸೊಸೆಯ ಮಡಿಲಲ್ಲೇ ಅದನ್ನು ಬಿಚ್ಚುತ್ತಾರೆ. ಅಕಾನಿಗೆ ಕುದಿರತ್ ಎಂಬ ಹುಡುಗಿಯ ಜೊತೆ ಮದುವೆಯ ಮಾತಾಗಿತ್ತಂತೆ. ತಾಯಿಗೆ ಮರೆವು ಶುರುವಾದ ಮೇಲೆ ಅವಳು ಹಿಂದೆ ಸರಿದಳಂತೆ. ಅವನು ಇನ್ನೂ ಅವಳನ್ನು ಮರೆತಿಲ್ಲ, ನೋಡಮ್ಮ, ಎಂದೂ ಅಲ್ಹಾಜಾ ಸೇರಿಸಿದ್ದರು. ಅದು ಅವರಿಗೆ ಹೇಗೆ ಗೊತ್ತೋ!

ಹಾಗಾದರೆ ನಾನು ದಿನಾ ಬಿಚ್ಚುತ್ತಿರುವುದು ಕುದಿರತ್‌ಳ ಬಟ್ಟೆ ಎಂದುಕೊಂಡಳು ಮೊರೆನಿಕೆ. ಬಿಚ್ಚುವ ಕೈಗೆ ಒಮ್ಮೊಮ್ಮೆ ಸ್ವಲ್ಪ ಜೋರು ಬರುತ್ತಿತ್ತು. ಆಮೇಲೆ ನಾಚಿಕೆಯೂ ಆಗುತ್ತಿತ್ತು.

ಬಣ್ಣದವರ ಓಣಿಯಲ್ಲಿ ಯಾರೂ ಮಾಡದ ಕೆಲಸ ಒಂದಿದೆ. ಹಂಡೆ ಕಾಣದ ಬಟ್ಟೆಯ ಗಂಟನ್ನು ಬಿಚ್ಚಬಾರದು. ಅದು ಒಬ್ಬಳ ದುಡಿಮೆಯನ್ನು ಮಣ್ಣುಪಾಲು ಮಾಡಿದ ಹಾಗೆ. ಆಗದವರು ಮಾತ್ರ, ಹೊಟ್ಟೆಕಿಚ್ಚಿನವರು ಮಾತ್ರ ಮಾಡುವ ಕೆಲಸ ಅದು. ಮೊರೆನಿಕೆ ಬೀಜ ಮಾರುವವಳು, ಓಣಿಯಲ್ಲಿ ಬೆಳೆದವಳಲ್ಲ. ಅಂಗಳದ ಮೂಲೆಯಲ್ಲಿ ಕೂತು ಹಗಲು ಹೊತ್ತಿನಲ್ಲೇ ಬಿಚ್ಚುತ್ತಿದ್ದಳು. ಅಲ್ಹಾಜಾ ನೋಡಿದರು. ನೋಡಿದ ಮೇಲೆ ಸುಮ್ಮನಿರುವ ಜೀವ ಅದಲ್ಲ, ಅಕಾನಿಯ ಕಿವಿ ಕಚ್ಚಿದರು.

ಅವನು ಬಂದು ನಿಂತಾಗ ಬಟ್ಟೆ ಅರ್ಧ ಬಿಚ್ಚಿತ್ತು. ಇಯಾ ಅಕಾನಿ ಚಾಪೆಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು.

"ಎಷ್ಟು ದಿನದಿಂದ ನಡೀತಿದೆ ಇದು?"

"ಮೊದಲಿಂದ," ಎಂದಳು.

"ಇನ್ನೂ ತುಂಬಿಲ್ಲ, ಇನ್ನೂ ತುಂಬಿಲ್ಲ ಅಂತ ನನ್ನ ಮುಖ ನೋಡ್ಕೊಂಡು ಹೇಳ್ತಿದ್ದೆ."

"ಹೂಂ."

ಅವನ ಕೈ ಬಟ್ಟೆಯತ್ತ ಬಂತು. ಉಳಿದ ಗಂಟುಗಳ ಮೇಲೆ ಬೆರಳಾಡಿಸಿದ. ಕೋಪದಲ್ಲಿದ್ದವನಿಗೆ ಸಡಿಲ ಬಿಗಿ ಯಾವುದೂ ತಿಳಿಯಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಈಗ ಹೇಳು, ಮೊರೆನಿಕೆ. ಒಂದೇ ಮಾತು. ಗಂಟು ನಿಲ್ಲುತ್ತಿಲ್ಲ ಎಂದು ಹೇಳು ಸಾಕು...

ಹೇಳಲಿಲ್ಲ. ಮಲಗಿದ್ದ ಆ ತಾಯಿಯ ಎದುರು ಹೇಳಲು ಬಾಯಿ ಬರಲಿಲ್ಲ. ಅಷ್ಟೇ ಆಗಿದ್ದರೆ ಒಪ್ಪಬಹುದಿತ್ತು. ಕೇಳದೇ ತೀರ್ಮಾನ ಮಾಡಿದವನಿಗೆ ನಾನೇಕೆ ಹೇಳಬೇಕು ಎಂಬ ಬಿಂಕವೂ ಅದರಲ್ಲಿ ಸೇರಿತ್ತು.

"ಅಮ್ಮನಿಗೆ ನೆನಪಿರಲ್ಲ ಅಂತ ಆಟ ಆಡಿದ್ಯಾ," ಎಂದ ಅಕಾನಿ. ದನಿ ಏರಲಿಲ್ಲ, ಅದೇ ಹೆಚ್ಚು ನೋಯಿಸಿತು. "ಅವಳು ಮರೀತಾಳೆ. ನಾನು ಮರೆಯಲ್ಲ. ಹೋಗು ನೀನು."

ಅವಳು ಬಟ್ಟೆಯನ್ನು ಕೆಳಗಿಟ್ಟು ಎದ್ದು ಹೋದಳು.

ಮಾರುಕಟ್ಟೆಯ ದಿನಗಳು ಮತ್ತೆ ಮೊದಲಿನಂತಾದವು. ಪಕ್ಕದ ಗೋಣಿಚೀಲ ಮಾತ್ರ ಖಾಲಿ. ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ನಾಳೆ ಬಂದಾಗ, ಅವನೇ ಬರಲಿ ಎಂದುಕೊಳ್ಳುತ್ತಿದ್ದಳು. ಮಳೆಗಾಲ ಮುಗಿದು, ಉತ್ತರದ ಮರುಭೂಮಿಯ ಧೂಳು ಗಾಳಿಯಲ್ಲಿ ತುಂಬುವ ಕಾಲ ಬಂತು. ಇಬ್ಬರೂ ಹಟದಲ್ಲಿ ಒಬ್ಬರಿಗಿಂತ ಒಬ್ಬರು!

ಒಂದು ಬೆಳಿಗ್ಗೆ ಅಲ್ಹಾಜಾ ರಫಾತು ಎಗುಸಿ ಕೊಳ್ಳಲು ಬಂದರು. ಮೊರೆನಿಕೆ ಮುಖ ಊದಿಸಿಕೊಂಡು ಅಳೆದುಕೊಟ್ಟಳು. ಅವರು ಹೋಗದೆ ನಿಂತರು.

"ಇಯಾ ಅಕಾನಿ ಈಗ ಎಲ್ಲೂ ಹೋಗಲ್ಲಮ್ಮ," ಎಂದರು, ಸಮಾಧಾನ ಹೇಳುವವರ ಹಾಗೆ. "ಬಾಗಿಲು ಹಾರು ಹೊಡೆದಿದ್ರೂ ಏಳಲ್ಲ. ಕಾಳು ಕೊಟ್ರೆ ಮುಟ್ಟಲ್ಲ, ಬಟ್ಟೆ ಕೊಟ್ರೆ ಮಡಚಲ್ಲ. ಕೈ ಎರಡೂ ಮಡಿಲಲ್ಲಿ ಇಟ್ಕೊಂಡು ಕೂತಿರ್ತಾರೆ."

ಆ ಕೈಗಳು... ಸುಮ್ಮನೆ?

ಮೊರೆನಿಕೆ ಅಂಗಡಿಯನ್ನು ಮೆಣಸಿನಕಾಯಿಯವರಿಗೆ ನೋಡಿಕೊಳ್ಳಲು ಹೇಳಿ, ಒಂದು ಬುಟ್ಟಿ ಬೀಜ ಎತ್ತಿಕೊಂಡು ಹೊರಟಳು. ಬಿಂಕ ಎಲ್ಲಿ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ.

ಅಂಗಳದಲ್ಲಿ ಇಯಾ ಅಕಾನಿ ಕಂಬಕ್ಕೆ ಒರಗಿ ಕೂತಿದ್ದರು. ಅಲ್ಹಾಜಾ ಹೇಳಿದ ಹಾಗೆಯೇ, ಕೈ ಎರಡೂ ಮಡಿಲಲ್ಲಿ. ಎದುರಿಗೆ ಮಗ ಕುಕ್ಕರಗಾಲಿನಲ್ಲಿ ಕೂತು, ಒಂದು ಬಟ್ಟೆಗೆ ಬೀಜ ಇಟ್ಟು ಕಟ್ಟಿ ತೋರಿಸುತ್ತಿದ್ದ. ಹೀಗೇನಮ್ಮ, ಸರಿಯಾಗಿದೆಯಾ ಎಂದು ಕೇಳುತ್ತಿದ್ದ. ಹಂಡೆಯಲ್ಲಿ ಪಳಗಿದ ಕೈಗೆ ನಾರು ಒಗ್ಗುತ್ತಿರಲಿಲ್ಲ. ತಾಯಿ ಅವನ ತಲೆಯ ಮೇಲಿಂದ ಗೋಡೆ ನೋಡುತ್ತಿದ್ದರು.

ಮೊರೆನಿಕೆ ಮಂಡಿಯೂರಿ, "ಅಮ್ಮ, ನನಗೆ ಕೈ ಸಾಲ್ತಿಲ್ಲ, ಸ್ವಲ್ಪ ಸಹಾಯ ಮಾಡ್ತೀರಾ," ಎಂದಳು. ಇಯಾ ಅಕಾನಿ ಅವಳನ್ನು ನೋಡಿದರು. ಮಾರುಕಟ್ಟೆಯಲ್ಲಿ ಯಾರೋ ದಾರಿಹೋಕರನ್ನು ನೋಡುವಂತೆ ನೋಡಿದರು. ಕೈ ಏಳಲಿಲ್ಲ.

ಅಕಾನಿಯೂ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ನಾರಿಗೇ ಹೇಳುವವನಂತೆ ಹೇಳತೊಡಗಿದ. ನೀನು ಹೋದ ಮೇಲೆ ಅಮ್ಮನಿಗೆ ಹೊಸ ಬಟ್ಟೆ ಕೊಟ್ಟೆ. ತುಂಬ ಕಟ್ಟಿದಳು. ಮೊದಲ ಹಂಡೆಯಲ್ಲಿ ನಾನೇ ಅದ್ದಿದೆ. ಒಣಗಿಸಿ, ಓಣಿಯವರನ್ನೆಲ್ಲ ಕರೆದು, ಅವಳ ಕಣ್ಣೆದುರೇ ಬಿಚ್ಚಿದೆ. ಒಂದು ಚಂದ್ರನೂ ಇರಲಿಲ್ಲ. ಎಲ್ಲ ನೀಲಿ, ಬರೀ ನೀಲಿ.

"ಯಾರು ಹಾಳು ಮಾಡಿದ್ದು ಇದನ್ನ ಅಂತ ಕೇಳಿದ್ಲು," ಎಂದ. "ಯಾರೂ ಮಾತಾಡಲಿಲ್ಲ. ಆಮೇಲೆ ತನ್ನ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡ್ಲು. ಅವತ್ತು ಮಡಿಲಲ್ಲಿ ಇಟ್ಟ ಕೈ, ಇವತ್ತಿಗೂ ಎತ್ತಿಲ್ಲ."

 ಯಾವುದು ಆಗಬಾರದು ಎಂದು ಮೊರೆನಿಕೆ ಅಷ್ಟು ದಿನ ಬಿಚ್ಚಿದಳೋ ಅದೇ ಆಗಿತ್ತು. ಒಂದು ಮಾತು ಹೇಳಿ ಹೋಗಿದ್ದರೆ ಆಗುತ್ತಿರಲಿಲ್ಲ.

"ನನ್ನದೇ ತಪ್ಪು. ಅವತ್ತೇ ನಾನು ಹೇಳ್ಬೇಕಾಗಿತ್ತು."

"ಹೇಳ್ಬೇಕಾಗಿತ್ತು," ಎಂದ ಅವನು, ತಪ್ಪು ಹೊರಿಸದೆ, ಮುಚ್ಚಿಡದೆ. "ನಾನೂ ಕೇಳ್ಬೇಕಾಗಿತ್ತು. ನಿನ್ನ ಅಂಗಡಿವರೆಗೂ ಎಷ್ಟು ಸಲ ಬಂದಿದ್ದೀನಿ ಗೊತ್ತಾ. ಮೆಣಸಿನಕಾಯಿಯೋರ ಹತ್ರ ಬರ್ತಿದ್ದ ಹಾಗೆ ಕಾಲು ತಿರುಗೋದು. ಯಾವ ಮುಖ ಇಟ್ಕೊಂಡು ಬರಲಿ?"

ಎದ್ದು ಒಳಗೆ ಹೋದ. ಬರುವಾಗ ಕೈಯಲ್ಲಿ ಒಂದು ನೀಲಿಯ ಮುದ್ದೆ. ಬಣ್ಣ ಕುಡಿದು ಒಣಗಿದ್ದ, ಇನ್ನೂ ಬಿಚ್ಚದ ಬಟ್ಟೆ.

ಅವತ್ತು ಅವಳು ಅರ್ಧ ಬಿಚ್ಚಿ ಬಿಟ್ಟುಹೋದದ್ದು. ಉಳಿದ ಅರ್ಧದಲ್ಲಿದ್ದ ಅಮ್ಮನ ಗಂಟುಗಳನ್ನು ಅವನು ಬಿಚ್ಚಿರಲಿಲ್ಲ. ಹೊಸ ಬಟ್ಟೆ ಹಾಳಾದ ಮೇಲೆ, ಪ್ರತಿ ಗಂಟಿನ ಮೇಲೂ ಇನ್ನೊಂದು ನಾರು ಸುತ್ತಿ, ತನ್ನ ಕೈಯ ಬಲವೆಲ್ಲ ಹಾಕಿ ಬಿಗಿದು, ಆಮೇಲೆ ಅದ್ದಿದ್ದ. ಅದ್ದಿ ಎಷ್ಟೋ ಕಾಲವಾಗಿತ್ತು.

"ಯಾಕೆ ಬಿಚ್ಚಿಲ್ಲ?" ಎಂದಳು.

"ಯಾರಿಗೆ ಕಟ್ಟಿದ್ದೋ ಅವರ ಮಡಿಲಲ್ಲೇ ಬಿಚ್ಚಬೇಕು."

"ಕುದಿರತ್‌ಗೆ ಹೇಳಿ ಕಳಿಸಿದ್ರಾ?"

ಅವನು ಆ ದಿನ ಮೊದಲ ಸಲ ಅವಳ ಮುಖ ನೋಡಿದ. "ಕುದಿರತ್ ಯಾರು ಅಂತ ಅಮ್ಮ ಮರೆತೇ ಎಷ್ಟು ಕಾಲ ಆಯ್ತು. ನನ್ನ ಹತ್ರ ಏನಂತಿದ್ಲು ಗೊತ್ತಾ? ನನ್ನ ಸೊಸೆ ಮಾರ್ಕೆಟ್‌ನಲ್ಲಿ ಎಗುಸಿ ಮಾರ್ತಾಳೆ, ಬಾಯಿ ಜಾಸ್ತಿ, ಆದ್ರೆ ಮಂಡಿಯೂರಿ ಕೇಳ್ತಾಳೆ ಅಂತಿದ್ಲು."

 ದಿನಾ ಬೆಳಿಗ್ಗೆ ಆ ತಾಯಿ ಮೊರೆನಿಕೆಗೆಂದೇ ಕಟ್ಟಿದ್ದರು. ದಿನಾ ಮಧ್ಯಾಹ್ನ ಅವಳು ತನ್ನದೇ ಬಟ್ಟೆಯನ್ನು ಬಿಚ್ಚಿದ್ದಳು. ಕೆಲವು ದಿನ ಹೊಟ್ಟೆಕಿಚ್ಚಿನಿಂದ... ಬಿಕ್ಕಿ ಬಿಕ್ಕಿ ಅತ್ತಳು. ಅಕಾನಿ ತಡೆಯಲಿಲ್ಲ. ಬಟ್ಟೆಯನ್ನು ಮಾತ್ರ ಅವಳ ಮಡಿಲಲ್ಲಿಟ್ಟ.

ಬಟ್ಟೆಗೆ ಸೇರಬೇಕಾದ ಮಡಿಲು ಸಿಕ್ಕಿತು. ಆದರೆ ಕಟ್ಟಿದವರು ಅಲ್ಲೇ ಇದ್ದರಲ್ಲ? ಮೊರೆನಿಕೆ ಕಣ್ಣೊರೆಸಿಕೊಂಡು ಮಂಡಿಯಲ್ಲೇ ಸರಿದು ಇಯಾ ಅಕಾನಿಯ ಪಕ್ಕ ಕೂತಳು. ಬಟ್ಟೆಯನ್ನು ಇಬ್ಬರ ಮಡಿಲಿಗೂ ಹರಡಿದಳು. ಮೇಲಿನ ನಾರಿನ ತುದಿಯನ್ನು ಸ್ವಲ್ಪ ಸಡಿಲಿಸಿ ಆ ಒಣಗಿದ ಬೆರಳುಗಳ ನಡುವೆ ಇಟ್ಟು ಸುಮ್ಮನಾದಳು.

ಬೆರಳುಗಳು ಅಲುಗಲಿಲ್ಲ.

ಆಮೇಲೆ ತೋರುಬೆರಳು ಮಡಚಿತು. ಹೆಬ್ಬೆರಳು ಬಂದು ಸೇರಿತು. ಇಯಾ ಅಕಾನಿ ನಾರನ್ನು ಎಳೆದರು. ಅದು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಬೀಜ ಉರುಳಿ ನೆಲಕ್ಕೆ ಬಿತ್ತು. ಬಟ್ಟೆ ಅರಳಿದ ಜಾಗದಲ್ಲಿ ಬೆಳ್ಳಗಿನ ಚಂದ್ರ.

"ಹೂಂ," ಎಂದರು ಅವರು, ಲೆಕ್ಕಕ್ಕೆ ಸರಿಯಾಯಿತು ಎನ್ನುವಂತೆ. ಮುಂದಿನ ಗಂಟಿಗೆ ಕೈ ಹಾಕಿದರು.

ಕಟ್ಟುವ ಬಲ ಆ ಕೈಯಲ್ಲಿ ಉಳಿದಿರಲಿಲ್ಲ, ಬಿಚ್ಚುವುದು ಮರೆತಿರಲಿಲ್ಲ. ಮೊರೆನಿಕೆ ತುದಿ ಸಡಿಲಿಸಿಕೊಟ್ಟಂತೆ ಒಂದಾದ ಮೇಲೊಂದು ಎಳೆದರು. ಬಟ್ಟೆಯ ಅರ್ಧದ ತುಂಬ ಚಂದ್ರಗಳು ಬಂದವು. ಇನ್ನರ್ಧ ಬರೀ ನೀಲಿ, ಮೊರೆನಿಕೆ ಅವತ್ತು ಬಿಚ್ಚಿದ ಅರ್ಧ. ಅಲ್ಲಿಗೆ ಬಂದಾಗ ಇಯಾ ಅಕಾನಿ ಅಂಗೈಯಿಂದ ಆ ನೀಲಿಯನ್ನು ನೇವರಿಸಿ, ಗಂಟು ಹುಡುಕಿ, ಸಿಗದೆ, ಮೊರೆನಿಕೆಯ ಮುಖ ನೋಡಿದರು. ಗುರುತು ಹಿಡಿಯಲಿಲ್ಲ. ಅವಳ ಕೆನ್ನೆಯ ಮೇಲಿದ್ದ ನೀರನ್ನು ಮಾತ್ರ, ಬಟ್ಟೆಯ ಸುಕ್ಕು ತೆಗೆಯುವಂತೆ, ಒರೆಸಿದರು.

"ಆ ಅರ್ಧ ನಾನು ಹಾಳು ಮಾಡಿದ್ದು," ಎಂದಳು ಮೊರೆನಿಕೆ.

"ಇರ್ಲಿ ಬಿಡು. ಅದಕ್ಕಿನ್ನು ಚಂದ್ರ ಬರಲ್ಲ," ಎಂದ ಅಕಾನಿ. "ಆ ಅರ್ಧದ ತಪ್ಪು ಇಬ್ಬರದೂ. ಹಾಗೇ ಉಟ್ಕೋ."

ಉಟ್ಕೋ ಎಂಬ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಅದರ ಅರ್ಥ ಹೊಳೆದು ಕಿವಿ ಬಿಸಿಯಾಯಿತು. ಮೊರೆನಿಕೆ ಅಳುವಿನ ನಡುವೆಯೇ ನಕ್ಕಳು.

"ಬಟ್ಟೆ ಬಿಚ್ಚೋ ದಿನ ಒಂದು ಮಾತು ಹೇಳ್ತೀನಿ ಅಂದಿದ್ರಿ. ಅದೇನಾ?"

"ಅದೇ. ಸ್ವಲ್ಪ ಚೆನ್ನಾಗಿ ಹೇಳೋಣ ಅನ್ಕೊಂಡಿದ್ದೆ. ಪ್ರೀತಿ ಮಾಡ್ತೀನಿ, ನಮ್ಮನೇಲೇ ಇರು ಅಂತ. ಅಮ್ಮನಿಗೆ ನೀನು ಯಾರು ಅಂತ ಗೊತ್ತಾಗ್ತಿದ್ದಾಗಲೇ ಹೇಳಿದ್ದಿದ್ರೆ..."

 ಇಯಾ ಅಕಾನಿಯ ಬೆರಳುಗಳು ಮತ್ತೆ ಬರಿಯ ಬಟ್ಟೆಯ ಮೇಲೆ ಗಂಟಿಗಾಗಿ ತಡಕಾಡುತ್ತಿದ್ದವು. ಮೊರೆನಿಕೆ ಅದನ್ನು ನೋಡಿದಳು. ಅವನು ಅರ್ಧಕ್ಕೆ ಬಿಟ್ಟಿದ್ದ ಬಿಳಿ ಬಟ್ಟೆಯನ್ನು ಎಳೆದುಕೊಂಡು, ಒಂದು ಬೀಜ ಎತ್ತಿ ಅವನ ನೀಲಿ ಅಂಗೈಯಲ್ಲಿಟ್ಟಳು.

"ಬನ್ನಿ, ಈ ತುದಿ ಹಿಡ್ಕೊಳ್ಳಿ. ಇನ್ಮೇಲೆ ನಾವು ಕಟ್ಟೋಣ."

"ಅಮ್ಮ?"

"ಅವರು ಬಿಚ್ಚಲಿ."